ನೋಟ್ಸ್ ಬರೆಸಿದರೆ ಗಂಟೆ

ಕಲಬುರಗಿಯ ತರಬೇತಿ ಕೇಂದ್ರದ ಕೊಠಡಿಯಲ್ಲಿ ನನ್ನ ಮೇಜಿನ ಮೇಲೆ, ಬಲಗೈಗೆ ಸಿಗುವಂತೆ, ಒಂದು ಗಂಟೆ ಇರುತ್ತಿತ್ತು. ಹಿಂದೆ ಕಚೇರಿಯ ಸಾಹೇಬರು ಜವಾನನನ್ನು ಕರೆಯಲು ಅಂಗೈಯಿಂದ ತಟ್ಟುತ್ತಿದ್ದರಲ್ಲ, ಅಂಥದ್ದು. ವಿಶ್ವವಿದ್ಯಾಲಯದ ಕೆಲಸಕ್ಕೆ ಹೊಸದಾಗಿ ಸೇರಿದ ಉಪನ್ಯಾಸಕರಿಗೆ ಪಾಠ ಮಾಡುವುದನ್ನು ಕಲಿಸುವುದು ನನ್ನ ಕೆಲಸ. ಅವರಲ್ಲಿ ಯಾರಾದರೂ ಪಾಠ ಬಿಟ್ಟು ನೋಟ್ಸ್ ಬರೆಸಲು ಶುರು ಮಾಡಿದರೆ ನಾನು ಗಂಟೆ ತಟ್ಟುತ್ತಿದ್ದೆ. ಟಣ್ ಅಂದರೆ ಅಲ್ಲಿಗೆ ನಿಲ್ಲಿಸಬೇಕು, ಅದೇ ವಿಷಯವನ್ನು ಮಾತಾಡಿ ತಿಳಿಸಬೇಕು.

ನೋಟ್ಸ್ ಬರೆಸುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇವತ್ತಿಗೂ ಉರಿಯುತ್ತದೆ. ಒಂದೇ ವಾಕ್ಯವನ್ನು ಎರಡೆರಡು ಸಲ ಹೇಳಿ, ನಡುನಡುವೆ ಅಲ್ಪವಿರಾಮ, ಪೂರ್ಣವಿರಾಮ ಎಂದು ಕೂಗಿ, ಮಕ್ಕಳ ತಲೆ ಬಗ್ಗಿಸಿಟ್ಟು ತಾಸು ಕಳೆಯುವವರು ಬರೀ ಕೆಲಸಗಳ್ಳರು ಎಂದು ನಾನು ತಿಳಿದಿದ್ದೆ. ತರಬೇತಿಯ ಕೊನೆಗೆ ನಿಜವಾದ ವಿದ್ಯಾರ್ಥಿಗಳ ಮುಂದೆ ಎಲ್ಲರೂ ಒಂದು ಪರೀಕ್ಷಾ ಪಾಠ ಮಾಡಬೇಕು. ಆ ಪಾಠದಲ್ಲಿ ನೋಟ್ಸ್ ಬರೆಸಿದವರಿಗೆ ಪ್ರಮಾಣಪತ್ರ ಇಲ್ಲ ಎಂಬ ನಿಯಮವನ್ನು ಹಟ ಹಿಡಿದು ಸೇರಿಸಿದವಳು ನಾನೇ. ಪ್ರಮಾಣಪತ್ರ ಸಿಗದಿದ್ದರೆ ಕೆಲಸ ಕಾಯಂ ಆಗುವುದಿಲ್ಲ, ಪ್ರೊಬೇಷನ್ ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ. ಹೆದರಿಕೆ ಇದ್ದರೆ ಚಟ ಬಿಡುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು.

ತರಬೇತಿಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿ ಇಲ್ಲ. ಸಸ್ಯಶಾಸ್ತ್ರದವರು, ಉರ್ದುವಿನವರು, ಗಣಿತದವರು ಎಂದೇ ಮಾತು. ನಾನು ಹೇಳಹೊರಟಿರುವುದು ಆ ಬ್ಯಾಚಿನ ಅರ್ಥಶಾಸ್ತ್ರದವರ ಕಥೆ. ನಲವತ್ತು ದಾಟಿದವರು, ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು. ಉಳಿದವರಲ್ಲಿ ಅರ್ಧದಷ್ಟು ಜನ ಅವರ ಕೈಯಲ್ಲಿ ಕಲಿಯಬಹುದಾದ ವಯಸ್ಸಿನವರು. ತಂದೆ ಮನೆಗಳ ನೆಲಕ್ಕೆ ಪರ್ಸಿಕಲ್ಲು ಹಾಸುವ ಕೂಲಿಯಾಗಿದ್ದರಂತೆ. ಇವರು ಕಮಲಾಪುರದ ಪದವಿ ಕಾಲೇಜಿನಲ್ಲಿ ಬಹಳ ವರ್ಷ ಅತಿಥಿ ಉಪನ್ಯಾಸಕರಾಗಿದ್ದು, ಪ್ರತಿ ವರ್ಷ ಕಾಲೇಜು ಶುರುವಾಗುವ ಹೊತ್ತಿಗೆ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಪ್ರಿನ್ಸಿಪಾಲರ ಬಾಗಿಲು ಕಾದವರು. ಮೊದಲ ದಿನ ಪರಿಚಯ ಹೇಳಿಕೊಳ್ಳುವಾಗ ಎಲ್ಲರೂ ತಮ್ಮ ಸಂಶೋಧನೆಯ ಬಗ್ಗೆ ಉದ್ದುದ್ದ ಹೇಳಿದರು. ಇವರು ಎದ್ದು ನಿಂತು ಹೇಳಿದ್ದು ಇಷ್ಟೇ:

"ಇನ್ನ ಮ್ಯಾಲ ಯಾರೂ ನನಗ 'ಮುಂದಿನ ವರ್ಷ ನೋಡೋಣ್ರಿ' ಅನ್ನಂಗಿಲ್ಲ. ನನಗ ಅಷ್ಟು ಸಾಕ್ರಿ."

ಕೊಠಡಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಮೊದಲ ವಾರದಿಂದಲೇ ಕಿರುಪಾಠಗಳು ಶುರುವಾದವು. ಒಬ್ಬರು ಉಪನ್ಯಾಸಕರಾಗಿ ನಿಲ್ಲಬೇಕು, ಉಳಿದವರು ವಿದ್ಯಾರ್ಥಿಗಳಾಗಿ ಕೂಡಬೇಕು, ಒಂದೇ ಒಂದು ಸಣ್ಣ ವಿಷಯವನ್ನು ಹೇಳಿ ಮುಗಿಸಬೇಕು. ಅರ್ಥಶಾಸ್ತ್ರದವರು ಬೋರ್ಡಿನ ಮೇಲೆ ಬೇಡಿಕೆಯ ನಿಯಮ ಎಂದು ಚೆಂದದ ಅಕ್ಷರದಲ್ಲಿ ಬರೆದು, ನಮ್ಮ ಕಡೆ ತಿರುಗಿ, "ಇತರ ಅಂಶಗಳು ಸ್ಥಿರವಾಗಿದ್ದಾಗ, ಅಲ್ಪವಿರಾಮ" ಎಂದರು. ಎಲ್ಲರೂ ಹೋ ಎಂದು ನಕ್ಕರು. ನಾನು ಗಂಟೆ ತಟ್ಟಿದೆ. ಅವರು ಮತ್ತೆ ಶುರು ಮಾಡಿದರು, ಮತ್ತೆ ಅದೇ ಆಯಿತು. ಆ ದಿನ ಅವರ ಪಾಠಕ್ಕಿಂತ ನನ್ನ ಗಂಟೆಯ ಸದ್ದೇ ಹೆಚ್ಚಾಗಿ ಕೇಳಿತು.

ಮಧ್ಯಾಹ್ನ ಬ್ಯಾಚಿನವರು ಮಸಾಲೆ ಅನ್ನದ ತಹರಿ ತಿನ್ನಲು ಮೋಮಿನಪುರಕ್ಕೆ ಹೋಗುತ್ತಿದ್ದರು. ಅಲ್ಲಿಯೂ ಗಣಿತದವರು ಹೋಟೆಲಿನವನಿಗೆ "ಎರಡು ತಹರಿ, ಅಲ್ಪವಿರಾಮ, ಮೂರು ಚಹಾ, ಪೂರ್ಣವಿರಾಮ" ಎಂದು ಹೇಳುತ್ತಿದ್ದರಂತೆ. ಮೊದಮೊದಲು ಅರ್ಥಶಾಸ್ತ್ರದವರೂ ಸೇರಿ ನಗುತ್ತಿದ್ದರು. ಎರಡನೇ ವಾರದ ಹೊತ್ತಿಗೆ ಅವರು ಊಟದ ಡಬ್ಬಿ ತಂದು ಕೊಠಡಿಯಲ್ಲೇ ಉಣ್ಣಲು ಶುರು ಮಾಡಿದ್ದರು. ಪಾಠ ಮಾತ್ರ ಬದಲಾಗಿತ್ತು. ಗಂಟೆ ಬಾರಿಸುವ ಪ್ರಸಂಗವೇ ಬರುತ್ತಿರಲಿಲ್ಲ. ಒಂದು ಮಾತು ಆಡುವುದು, ನಿಲ್ಲಿಸುವುದು, ಉಗುಳು ನುಂಗುವುದು, ಇನ್ನೊಂದು ಮಾತು ಆಡುವುದು. ಸಸ್ಯಶಾಸ್ತ್ರದ ಹೆಣ್ಣುಮಗಳು ಒಂದು ಸಂಜೆ ನನ್ನನ್ನು ತಡೆದು, ಅವರು ತರಗತಿಯ ಕಡೆ ನೋಡುವುದೇ ಇಲ್ಲ, ನಿಮ್ಮ ಕೈಯನ್ನೇ ನೋಡುತ್ತಿರುತ್ತಾರೆ ಎಂದಳು. ಅದು ಸುಧಾರಣೆಯ ಲಕ್ಷಣ ಎಂದು ನಾನು ಅವಳಿಗೆ ಸಮಾಧಾನ ಹೇಳಿ ಕಳಿಸಿದೆ.

ಪರೀಕ್ಷಾ ಪಾಠಕ್ಕೆ ಯಾರನ್ನು ಯಾವ ಕಾಲೇಜಿಗೆ ಕಳಿಸಬೇಕೆಂದು ಗೊತ್ತು ಮಾಡುವವಳು ನಾನು. ಅವರಿಗೆ ಬೇಕೆಂದೇ ಕಮಲಾಪುರ ಹಾಕಿದೆ. ಗೊತ್ತಿರುವ ಊರು, ಗೊತ್ತಿರುವ ಗೋಡೆ, ಧೈರ್ಯ ಬರುತ್ತದೆ ಎಂದುಕೊಂಡೆ. ಅವರು ಏನನ್ನೋ ಹೇಳಲು ಬಾಯಿ ತೆರೆದವರು, "ಆತ್ರಿ ಮೇಡಂ" ಎಂದು ಸುಮ್ಮನಾದರು.

ಆ ಬೆಳಿಗ್ಗೆ ವ್ಯಾನಿನಲ್ಲಿ ನಾವು ಮೂವರು. ಅವರು, ನಾನು, ಮತ್ತು ಎರಡನೇ ಪರೀಕ್ಷಕರಾಗಿ ಬಂದಿದ್ದ ಅರ್ಥಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು. ಕೋಟೆ ದಾಟಿ ಹುಮನಾಬಾದ್ ರಸ್ತೆಗೆ ಬಿದ್ದ ಮೇಲೆ ಹಿರಿಯರು ಕಮಲಾಪುರದ ಕೆಂಪು ಬಾಳೆಹಣ್ಣಿನ ಸುದ್ದಿ ತೆಗೆದು, ವಾಪಸ್ ಬರುವಾಗ ಒಂದು ಗೊನೆ ಕೊಳ್ಳಬೇಕೆಂದರು. ಅರ್ಥಶಾಸ್ತ್ರದವರು ತುಟಿ ಅಲ್ಲಾಡಿಸುತ್ತ ಕಿಟಕಿಯ ಕಡೆ ನೋಡುತ್ತಿದ್ದರು.

ಬಿ.ಎ. ಮೊದಲ ವರ್ಷದ ತರಗತಿ. ಅವರು ಬಿಟ್ಟುಹೋದ ಮೇಲೆ ಸೇರಿದ ಮಕ್ಕಳು, ಯಾರೂ ಅವರ ಪಾಠ ಕೇಳಿದವರಲ್ಲ. ಆದರೂ ಊರಲ್ಲಿ ನೋಡಿ ಗುರುತಿದ್ದಿರಬೇಕು, ಬಾಗಿಲಲ್ಲಿ ಅವರನ್ನು ಕಂಡೊಡನೆ "ನೋಟ್ಸ್ ಸರ್ ಬಂದಾರ" ಎಂದು ಹಿಂದಿನ ಬೆಂಚಿನವರೆಗೂ ಪಿಸುಮಾತು ಓಡಿತು. ಪಟಪಟನೆ ನೋಟ್‌ಬುಕ್ ತೆರೆದವು, ಪೆನ್ನಿನ ಕ್ಯಾಪು ಬಿಚ್ಚಿದವು. ನಾನು, ಹಿರಿಯರು ಹಿಂದೆ ಹೋಗಿ ಕುಳಿತೆವು. ಗಂಟೆ ಕಲಬುರಗಿಯಲ್ಲೇ ಇತ್ತು, ನನ್ನ ಕೈ ಮಾತ್ರ ಜೊತೆಗೆ ಬಂದಿತ್ತು.

ಪೆನ್ನು ಕೆಳಗಿಡಿ ಎಂದು ಅವರು ಹೇಳಿದರು. ಬೆಲೆ ಏರಿದರೆ ಜನ ಏನು ಮಾಡುತ್ತಾರೆ ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಇನ್ನೊಮ್ಮೆ ಕೇಳಿದರು. ನಮ್ಮ ಕೊಠಡಿಯಲ್ಲಿ ವಿದ್ಯಾರ್ಥಿಗಳ ಪಾತ್ರ ಹಾಕಿ ಕೂಡುತ್ತಿದ್ದ ಉಪನ್ಯಾಸಕರು ಪ್ರಶ್ನೆ ಮುಗಿಯುವ ಮುಂಚೆಯೇ ಕೈ ಎತ್ತುತ್ತಿದ್ದರು. ನಿಜವಾದ ಮಕ್ಕಳು ಹಾಗಲ್ಲ ಎಂಬುದು ನನಗೆ ಗೊತ್ತಿತ್ತು, ಆದರೆ ಆ ಮೌನವನ್ನು ಹೇಗೆ ನಿಭಾಯಿಸಬೇಕೆಂದು ನಾನು ಯಾರಿಗೂ ಕಲಿಸಿರಲಿಲ್ಲ. ಮುಂದಿನ ಬೆಂಚಿನ ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಎದ್ದು ನಿಂತು ಕೇಳಿದಳು:

"ಸರ್, ಇವತ್ತ ಬರಸಂಗಿಲ್ಲೇನ್ರಿ?"

ಅವರು ಆ ಹುಡುಗಿಯನ್ನು ನೋಡಲಿಲ್ಲ, ನನ್ನ ಕೈಯನ್ನು ನೋಡಿದರು. ಚಾಕ್‌ಪೀಸ್ ಮೇಜಿನ ಮೇಲಿಟ್ಟು, ತಾಸು ಅರ್ಧವೂ ಆಗದೆ ಹೊರಗೆ ನಡೆದುಬಿಟ್ಟರು.

ನಲ್ಲಿಯ ಹತ್ತಿರ ಬೇವಿನ ಮರದ ಕೆಳಗೆ ಅವರು ನಿಂತಿದ್ದರು. ಕೈ ತೊಳೆದಿದ್ದರು, ಆದರೂ ಬೆರಳು ಉಜ್ಜುತ್ತಲೇ ಇದ್ದರು. ನಾನು ಏನೋ ಹೇಳಹೋದೆ, ಅವರು ಹೇಳಗೊಡಲಿಲ್ಲ.

"ನನಗ ಬರ್ಸಾಕ ಬರ್ತದ್ರಿ ಮೇಡಂ, ಕಲಸಾಕ ಬರಂಗಿಲ್ಲ. ಇಷ್ಟು ವರ್ಷ ಎರಡೂ ಒಂದೇ ಅಂತ ತಿಳ್ಕೊಂಡಿದ್ದೆ."

ನನಗೆ ಮೊದಲು ಬಂದದ್ದು ಸಿಟ್ಟು, ಅವರ ಮೇಲೆ. ಇನ್ನೊಂದು ಸ್ವಲ್ಪ ಹೊತ್ತು ನಿಂತಿದ್ದರೆ ಆಗುತ್ತಿರಲಿಲ್ಲವೇ ಎಂದು. ಆಮೇಲೆ ಬಂದ ಸಂಕಟ ಮಾತ್ರ ಬಹಳ ದಿನ ಹೋಗಲಿಲ್ಲ.

ತರಗತಿಗೆ ಏನಾದರೂ ಹೇಳಬೇಕಲ್ಲ ಎಂದು ನಾನು ಒಳಗೆ ಹೋದೆ. ಆ ಮುಂದಿನ ಬೆಂಚಿನ ಹುಡುಗಿ, ಸರ್‌ಗೆ ನೀವು ಬೈದಿರಾ ಎಂದು ನೇರವಾಗಿ ಕೇಳಿದಳು. ಇಲ್ಲ ಎಂದೆ. ನಮ್ಮ ಅಕ್ಕ ಅವರ ನೋಟ್ಸ್ ಓದಿಯೇ ಪಾಸಾದದ್ದು ಎಂದು ಅವಳು ಹೇಳಿದಳು, ಹೇಳಿದ್ದಕ್ಕಿಂತ ಎಚ್ಚರಿಸಿದಂತಿತ್ತು. ಕನ್ನಡದಲ್ಲಿ ಪರೀಕ್ಷೆ ಬರೆಯುವ ಈ ಮಕ್ಕಳ ಕೈಗೆ ಸಿಗುವ ಒಳ್ಳೆಯ ಪುಸ್ತಕಗಳು ಇಂಗ್ಲಿಷಿನಲ್ಲಿವೆ, ಹೀಗಾಗಿ ಅಧ್ಯಾಪಕರು ಬರೆಸಿದ್ದೇ ಅವರಿಗೆ ಪುಸ್ತಕ. ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹುಟ್ಟಿ ಬೆಳೆದದ್ದೆಲ್ಲ ಇದೇ ಕಲಬುರಗಿಯ ಗಾಜಿಪುರದಲ್ಲಿ, ಇದನ್ನು ಬೇರೆಯವರು ಬಂದು ನನಗೆ ಹೇಳಿಕೊಡಬೇಕಾಗಿರಲಿಲ್ಲ. ಗೊತ್ತಿದ್ದೂ ಗಂಟೆ ಬಾರಿಸಿದ್ದೆ.

ಪರೀಕ್ಷಾ ಪಾಠ ಕೆಟ್ಟರೆ ಇನ್ನೊಂದೇ ಅವಕಾಶ ಇರುತ್ತದೆ, ಅದೇ ತರಗತಿಯಲ್ಲಿ, ಅದೇ ವಾರದಲ್ಲಿ. ಮರುದಿನ ಅವರು ಕೇಂದ್ರಕ್ಕೆ ಬರಲಿಲ್ಲ. ಫೋನು ಮಾಡಿದರೆ, ತರಬೇತಿ ಬಿಡುತ್ತೇನೆ, ಅರ್ಜಿ ಬರೆಯುತ್ತಿದ್ದೇನೆ ಎಂದರು. ಬಿಟ್ಟರೆ ಕೆಲಸಕ್ಕೇ ಕುತ್ತು ಎಂದು ಹೇಳಿದೆ. ಅದೂ ಗೊತ್ತು ಎಂದರು. ಆಗ ನನ್ನ ಬಾಯಿಂದ ಬಂತು: "ಅರ್ಜಿ ಇರಲಿ. ಮಧ್ಯಾಹ್ನ ಬರ್ರಿ. ನನಗ ನೋಟ್ಸ್ ಬರಸ್ರಿ."

ಬಂದರು. ಖಾಲಿ ಕೊಠಡಿಯಲ್ಲಿ ನಾನು ಮೊದಲ ಬೆಂಚಿನಲ್ಲಿ ಕುಳಿತೆ. ಗಂಟೆಯನ್ನು ಕಪಾಟಿನೊಳಗೆ ಇಟ್ಟು ಬಂದಿದ್ದೆ. ಅವರು ಬಹಳ ಹೊತ್ತು ಅನುಮಾನ ಮಾಡಿ, ಆಮೇಲೆ ಶುರು ಮಾಡಿದರು. ಪೂರ್ತಿ ಪಾಠ, ಅಲ್ಪವಿರಾಮ ಸಮೇತ. ನಾನು ಬರೆಯುತ್ತ ಹೋದೆ. ಬೆರಳು ನೋಯತೊಡಗಿದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ಇಷ್ಟು ವಾರ ನಾನು ಅವರು ಬರೆಸುವುದನ್ನು ತಡೆದಿದ್ದೆ, ಅವರು ಏನನ್ನು ಬರೆಸುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಒಂದು ಮಾತಿನ ಮೇಲೆ ಇನ್ನೊಂದು ಮಾತು ಅಚ್ಚುಕಟ್ಟಾಗಿ ಕೂತಿತ್ತು. ಕಷ್ಟದ ಪದ ಬಂದರೆ ಹಿಂದೆಯೇ ಊರ ಕಡೆಯ ಒಂದು ಉದಾಹರಣೆ ಬರುತ್ತಿತ್ತು. ಸೋಮಾರಿಯಾದವನಿಗೆ ಬರುವ ಮಾತಲ್ಲ ಅದು. ಒಂದೇ ಕೊರತೆ, ಆ ಪಾಠದಲ್ಲಿ ಬೇರೆ ಯಾರೂ ಬಾಯಿ ಹಾಕುವುದಕ್ಕೆ ಎಲ್ಲೂ ಜಾಗ ಇರಲಿಲ್ಲ.

ಅಲ್ಲಿಯೇ ಕುಳಿತು ನಿರ್ಧಾರ ಮಾಡಿದೆವು. ನಿರ್ಧಾರ ನನ್ನದೇ ಅನ್ನಬೇಕು. ಮೊದಲು ಸ್ವಲ್ಪ ಹೊತ್ತು ಅವರು ಬರೆಸಲಿ. ಬಾಯಿ ಹದಕ್ಕೆ ಬಂದ ಮೇಲೆ ನೋಟ್‌ಬುಕ್ ಮುಚ್ಚಿಸಿ, ಬರೆಸಿದ್ದರ ಮೇಲೆಯೇ ಪ್ರಶ್ನೆ ಕೇಳಲಿ. ಮತ್ತೆ ಯಾರೂ ಮಾತಾಡದಿದ್ದರೆ ಏನು ಮಾಡಲಿ ಎಂದು ಅವರು ಕೇಳಿದರು. ನಿಲ್ಲಿ, ಸುಮ್ಮನೆ ನಿಲ್ಲಿ, ಹೊರಗೆ ಮಾತ್ರ ಬರಬೇಡಿ ಎಂದೆ. ನಿಯಮ ಏನಾಗುತ್ತದೆ ಎಂದೂ ಕೇಳಿದರು. ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದುಬಿಟ್ಟೆ. ಕೇಂದ್ರದ ನಿರ್ದೇಶಕರನ್ನು ಮುಂಚೆಯೇ ಕೇಳಿ ಒಪ್ಪಿಗೆ ಪಡೆಯಬಹುದಿತ್ತು. ಕೇಳಿದರೆ ಬೇಡ ಅಂದಾರು ಎಂದು ಕೇಳಲಿಲ್ಲ.

ಎರಡನೇ ಸಲ ಕಮಲಾಪುರಕ್ಕೆ ಹೋಗುವಾಗ ವ್ಯಾನಿನಲ್ಲಿ ಯಾರೂ ಬಾಳೆಹಣ್ಣಿನ ಸುದ್ದಿ ತೆಗೆಯಲಿಲ್ಲ.

"ಬರಕೋರಿ" ಎಂದು ಅವರು ಅಂದದ್ದೇ ತಡ, ತರಗತಿ ಉಸಿರು ಬಿಟ್ಟಿತು. ನನ್ನ ಪಕ್ಕದ ಹಿರಿಯರು ಕತ್ತು ತಿರುಗಿಸಿ ನನ್ನನ್ನು ನೋಡಿದರು. ನಾನು ಬೋರ್ಡಿನ ಕಡೆ ನೋಡುತ್ತಿದ್ದೆ. ಅರ್ಥಶಾಸ್ತ್ರದವರ ದನಿ ಬೇರೆಯೇ ಆಗಿತ್ತು, ತುಂಬಿದ ದನಿ, ತಡವರಿಕೆ ಇಲ್ಲ. ಇತರ ಅಂಶಗಳು ಸ್ಥಿರವಾಗಿದ್ದಾಗ, ಅಲ್ಪವಿರಾಮ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಅಲ್ಪವಿರಾಮ. ಅವರು ಮುಂದಿನ ಮಾತಿಗೆ ಉಸಿರು ತೆಗೆದುಕೊಂಡರು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ ಆ ಮಾತನ್ನು ಮುಗಿಸಿಬಿಟ್ಟಿತು. ಅವರು ಗಾಬರಿಯಾಗಿ ಅದರ ಮುಂದಿನ ವಾಕ್ಯ ಹಿಡಿದರು. ಈ ಸಲ ನಾಲ್ಕೈದು ದನಿಗಳು ಕೂಡಿಕೊಂಡವು. ಕಮಲಾಪುರದ ಕೆಂಪು ಬಾಳೆಹಣ್ಣಿನ ಉದಾಹರಣೆ ಬರುವ ಹೊತ್ತಿಗೆ ಇಡೀ ತರಗತಿ, ಮಗ್ಗಿ ಒಪ್ಪಿಸಿದಂತೆ, ಹಣ್ಣಿನ ದರ ಸಮೇತ ಒಪ್ಪಿಸಿತು. ಆ ದರ ಅವರು ಮೊದಲ ಸಲ ಪಾಠ ಮಾಡಿದ ಕಾಲದ್ದು.

ಎಲ್ಲರ ಹತ್ತಿರ ನೋಟ್ಸ್ ಇತ್ತು. ಅಕ್ಕಂದಿರಿಂದ, ಹಿಂದಿನ ವರ್ಷದವರಿಂದ ಜೆರಾಕ್ಸ್ ಆಗಿ ಬಂದದ್ದು. ಅವರು ಬರೆಸುವ ಪ್ರತಿ ಮಾತು ಅವರಿಗಿಂತ ಮುಂಚೆಯೇ ಈ ತರಗತಿಗೆ ಬಂದು ಕುಳಿತಿತ್ತು.

ಅವರು ನಿಂತರು. ಮತ್ತೆ ಹೊರಗೆ ನಡೆದುಬಿಡುತ್ತಾರೆ ಎಂದು ನಾನು ಬೆಂಚಿನ ಅಂಚು ಹಿಡಿದುಕೊಂಡೆ. ಆಮೇಲೆ ಅವರು ನನ್ನ ಕಡೆ ನೋಡದೆ, ಮಕ್ಕಳನ್ನು ನೋಡಿ ಕೇಳಿದರು: "ಆ ದರಕ್ಕ ಈಗ ಬಾಳಿಹಣ್ಣು ಸಿಗ್ತದೇನು?"

ತರಗತಿ ನಕ್ಕಿತು. ಕಿಟಕಿಯ ಪಕ್ಕದ ಒಬ್ಬ ಹುಡುಗ, ಅವನ ಮನೆಯವರದು ಬಾಳೆ ತೋಟವಂತೆ, ಆ ದರಕ್ಕೆ ಈಗ ಸಿಪ್ಪೆಯೂ ಬರುವುದಿಲ್ಲ ಎಂದ. ಹಾಗಾದರೆ ಕೊಳ್ಳುವವರು ಕಡಿಮೆ ಆದರೋ ಎಂದು ಇವರು ಕೇಳಿದರು. ಇಲ್ಲ ಎಂದ ಅವನು. ಯಾಕೆ ಇಲ್ಲ, ನಿಯಮ ಸುಳ್ಳೋ ಎಂದು ಇವರು ಮತ್ತೆ ಕೇಳಿದರು. ದವಾಖಾನೆಯಲ್ಲಿದ್ದವರನ್ನು ನೋಡಲು ಹೋಗುವವರು ದುಬಾರಿ ಅಂತಲೇ ಇದನ್ನು ಒಯ್ಯುತ್ತಾರೆ ಎಂದು ಮುಂದಿನ ಬೆಂಚಿನ ಹುಡುಗಿ ಹೇಳಿದಳು. ಕಾರು ನಿಲ್ಲಿಸಿ ಕೊಳ್ಳುವವರು ದರ ಕೇಳುವುದೇ ಇಲ್ಲ, ಬಸ್ಸಿನಿಂದ ಇಳಿದವರು ದರ ಕೇಳಿ ಮುಂದೆ ಹೋಗುತ್ತಾರೆ ಎಂದು ಇನ್ನೊಬ್ಬ. ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಗದ್ದಲವೇ ಆಯಿತು. ಅವರು ಕೈ ಎತ್ತಿ ಸುಮ್ಮನಾಗಿಸಿ, ಬೋರ್ಡಿನ ಕಡೆ ತಿರುಗಿ, ಚಾಕ್‌ಪೀಸ್ ಹಿಡಿದು ನಿಂತರು.

"ಇಲ್ಲೀತನ ನಾ ಬರಸೀನಿ. ಈಗ ನೀವು ಬರಸ್ರಿ, ನಾ ಬರಕೋತೀನಿ."

ಮೊದಲು ಯಾರೂ ನಂಬಲಿಲ್ಲ. ಆಮೇಲೆ ಆ ಹುಡುಗಿ ಎದ್ದು ಒಂದು ವಾಕ್ಯ ಹೇಳಿದಳು. ಅವರು ಬರೆದರು. ಅದು ಸರಿಯಲ್ಲ ಎಂದು ಬಾಳೆ ತೋಟದ ಹುಡುಗ ತಿದ್ದಿಸಿದ, ಅವರು ಒರೆಸಿ ಬರೆದರು. ಎಲ್ಲಿ ನಿಲ್ಲಬೇಕು ಎಂದು ಅವರು ಕೇಳಿದಾಗ ಹಿಂದಿನ ಬೆಂಚು "ಪೂರ್ಣವಿರಾಮ" ಎಂದು ಕೂಗಿತು. ನನಗೆ ಕಣ್ಣು ತುಂಬಿ ಬಂದು ಬೋರ್ಡು ಮಸುಕಾಯಿತು, ನಾಚಿಕೆಯೂ ಆಯಿತು.

ತಾಸು ಮುಗಿದಾಗ ಪಾಠ ಅರ್ಧವೇ ಆಗಿತ್ತು. ಹಿರಿಯರು ವ್ಯಾನು ಹತ್ತುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು. ಒಳ್ಳೆಯ ಮನುಷ್ಯರು, ಸುಳ್ಳು ಮೆಚ್ಚುಗೆ ಆಡುವವರಲ್ಲ, ಸುಮ್ಮನೆ ತೆಗಳುವವರೂ ಅಲ್ಲ. ತರಗತಿ ತಮಗೂ ಹಿಡಿಸಿತು ಎಂದರು. ಆದರೆ ಶುರುವಿನಲ್ಲಿ ಅವರು ಬರೆಸಿದ್ದಾರೆ, ಬರೆಸಿದವರಿಗೆ ಪ್ರಮಾಣಪತ್ರ ಇಲ್ಲ.

"ನಿಯಮ ನಿಮ್ದೇ ಅದ ಮೇಡಂ. ನಾ ಏನ್ ಮಾಡ್ಲಿ?"

ನಿರ್ದೇಶಕರ ಕೊಠಡಿಯಲ್ಲಿ ನಾನು ದೊಡ್ಡ ದನಿಯಲ್ಲೇ ವಾದ ಮಾಡಿದೆ. ನಾನೇ ಅನುಮತಿ ಕೊಟ್ಟಿದ್ದೆ ಎಂದೆ. ಅನುಮತಿ ಕೊಡುವ ಅಧಿಕಾರ ನಿಮಗೆ ಯಾರು ಕೊಟ್ಟರು ಎಂದು ಅವರು ತಣ್ಣಗೆ ಕೇಳಿದರು. ನಿಯಮವನ್ನು ತಿದ್ದಬಹುದು, ಆದರೆ ಮುಂದಿನ ಬ್ಯಾಚಿಗೆ. ಈ ಬ್ಯಾಚಿನವರಿಗೆ ಇದ್ದ ನಿಯಮವೇ. ಕೊನೆಗೆ ಅವರೇ ಒಂದು ದಾರಿ ತೋರಿಸಿದರು. ವರದಿ ಬರೆಯುವವರು ನೀವು. ಮೊದಲು ಬರೆಸಿದರು ಎಂಬ ಮಾತನ್ನು ಬಿಟ್ಟುಬಿಡಿ. ವಿದ್ಯಾರ್ಥಿಗಳು ಭಾಗವಹಿಸಿದರು, ಚರ್ಚೆ ನಡೆಯಿತು, ಇಷ್ಟು ಬರೆದರೆ ಯಾರಿಗೂ ತೊಂದರೆ ಇಲ್ಲ. ಜೊತೆಗೆ ಬಂದಿದ್ದ ಹಿರಿಯರು ತಲೆ ಕೆರೆದುಕೊಂಡು, ನೀವು ಬರೆಯದಿದ್ದರೆ ನಾನೂ ಎತ್ತುವುದಿಲ್ಲ ಎಂದರು.

ಒಂದೇ ಸಾಲಿನ ಕೆಲಸ. ನಾನು ಹೂಂ ಎಂದುಬಿಡುತ್ತಿದ್ದೆ. ಆದರೆ ಅರ್ಥಶಾಸ್ತ್ರದವರಿಗೆ ಗೊತ್ತಿಲ್ಲದೆ ಅವರ ಬಗ್ಗೆ ಸುಳ್ಳು ಬರೆಯಲು ಮನಸ್ಸು ಬರಲಿಲ್ಲ. ಮರುದಿನ ಅವರನ್ನು ಮೋಮಿನಪುರದ ಅದೇ ಹೋಟೆಲಿಗೆ ಚಹಾಕ್ಕೆ ಕರೆದೆ. ಎಲ್ಲ ಹೇಳಿದೆ. ವರದಿಯಲ್ಲಿ ನಿಜ ಬರೆದರೆ ಒಂದು ವರ್ಷ ಹೋಗುತ್ತದೆ, ಆ ಸಾಲು ಬಿಟ್ಟರೆ ಈ ತಿಂಗಳೇ ಕಾಯಂ. ಬಿಡಲು ನಾನು ತಯಾರಿದ್ದೇನೆ ಎಂದೂ ಹೇಳಿದೆ. ಅದು ನಿಜವಾಗಿತ್ತು. ಅವರು ಹೂಂ ಎನ್ನಲಿ ಎಂದು ಒಳಗೊಳಗೇ ಬೇಡುತ್ತಿದ್ದೆ.

ಅವರು ಕಪ್ಪಿನ ಚಹಾ ಬಸಿಗೆ ಸುರಿದುಕೊಂಡರು, ಕುಡಿಯಲಿಲ್ಲ. ಆ ಸಾಲು ಬಿಟ್ಟರೆ ಓದಿದವರು ಏನು ತಿಳಿಯುತ್ತಾರೆ ಎಂದು ಕೇಳಿದರು. ಬರೆಸುವುದನ್ನು ಬಿಟ್ಟ ಮೇಲೆ ನೀವು ಒಳ್ಳೆಯ ಪಾಠ ಮಾಡಿದಿರಿ ಎಂದು ತಿಳಿಯುತ್ತಾರೆ ಎಂದೆ.

"ಅಂದ್ರ ಗಂಟಿ ಬಾರ್ಸಿದ್ದಕ್ಕ ಸುಧಾರಿಸ್ದಾ ಅಂತ ಆಗ್ತದಲ್ರಿ," ಎಂದರು. "ಬರಸೀನಿ ಅಂತ ಬರೀರಿ ಮೇಡಂ. ಇಲ್ಲಾಂದ್ರ ಮುಂದ ಬರೋರಿಗೂ ನೀವು ಅದೇ ಗಂಟಿ ಬಾರಸ್ತೀರಿ."

ನಾನು ಬರೆದೆ. ಮೊದಲು ಬರೆಸಿದರು, ನನ್ನ ಮಾತಿನ ಮೇಲೆ ಬರೆಸಿದರು, ಬರೆಸಿದ್ದರಿಂದಲೇ ಮುಂದಿನ ಪಾಠ ಸಾಧ್ಯವಾಯಿತು ಎಂದು ಬರೆದೆ. ಮುಂದಿನ ಬ್ಯಾಚಿಗೆ ನಿಯಮ ಬದಲಾಯಿತು. ಅವರ ಪ್ರೊಬೇಷನ್ ಒಂದು ವರ್ಷ ಮುಂದಕ್ಕೆ ಹೋಯಿತು, ತರಬೇತಿಯನ್ನು ಮೊದಲಿನಿಂದ ಮತ್ತೆ ಮಾಡಬೇಕು ಎಂಬ ಷರತ್ತಿನ ಮೇಲೆ. ಆದೇಶ ಕೊಡುವಾಗ ನಿರ್ದೇಶಕರು, ಪಾಪ, ಅವರಿಗೇನು ಗೊತ್ತು, ಸಮಾಧಾನದ ದನಿಯಲ್ಲಿ "ಇರ್ಲಿ, ಮುಂದಿನ ವರ್ಷ ನೋಡೋಣ್ರಿ" ಎಂದರು. ನಾನು ಅಲ್ಲೇ ಇದ್ದೆ. ಅರ್ಥಶಾಸ್ತ್ರದವರು "ಆತ್ರಿ ಸರ್" ಎಂದು ಕೈ ಮುಗಿದು ಹೊರಗೆ ಹೋದರು.

ಈಗ ಹೊಸ ಬ್ಯಾಚು ಬಂದಿದೆ. ಅರ್ಥಶಾಸ್ತ್ರದವರು ಮೊದಲ ಬೆಂಚಿನಲ್ಲಿ, ಇನ್ನೂ ಎಳೆಯ ಹುಡುಗರ ನಡುವೆ ಕುಳಿತಿರುತ್ತಾರೆ. ಪರಿಚಯ ಹೇಳುವಾಗ ಈ ಸಲ ವಿಷಯದ ಹೆಸರೊಂದನ್ನೇ ಹೇಳಿದರು. ಮೊದಲ ಕಿರುಪಾಠ ರಸಾಯನಶಾಸ್ತ್ರದ ಒಬ್ಬ ಹುಡುಗನದು. ಎರಡು ಮಾತು ಆಡಿದನೋ ಇಲ್ಲವೋ, ಮೂರನೆಯದನ್ನು ಎರಡೆರಡು ಸಲ ಹೇಳಿ ಬರೆಸಲು ಶುರು ಮಾಡಿದ. ನನ್ನ ಬಲಗೈ ತಾನಾಗಿ ಎದ್ದು ಮೇಜಿನ ಮೇಲೆ ಗಂಟೆ ಇರುತ್ತಿದ್ದ ಜಾಗಕ್ಕೆ ಹೋಗಿ ಬಡಿಯಿತು. ಅಲ್ಲಿ ಬರೀ ಮರವಿತ್ತು. ಸದ್ದಿಗೆ ಹುಡುಗ ಬೆಚ್ಚಿ ನಿಲ್ಲಿಸಿದ, ಅವನ ಕಣ್ಣು ನನ್ನ ಕೈಯ ಮೇಲೆ ನಿಂತಿತು.

ಮೊದಲ ಬೆಂಚಿನಿಂದ ಅರ್ಥಶಾಸ್ತ್ರದವರು ಹೇಳಿದರು:

"ಬರಸ್ರಿ ಸರ್, ಇನ್ನೆರಡು ಮಾತು ಬರಸ್ರಿ. ಆಮ್ಯಾಲ ನಾವು ಬರಸ್ತೀವಿ, ನೀವು ಬರೀರಿ."

ನಾನು ಕೈಯನ್ನು ಮಡಿಲಿಗೆ ಎಳೆದುಕೊಂಡೆ. ಅವರ ಕಾಯಂ ಆದೇಶ ಇನ್ನೂ ಬಂದಿಲ್ಲ.